ಸೌದೆ ಸೀಳುವ ಸ್ಕ್ರೂ ಯಂತ್ರ: ಬಿಚ್ಚಿ ಕಟ್ಟಿದ ಕಥೆ

ಗೆಳೆಯನ ಶೆಡ್ಡಿನಲ್ಲಿ ಎರಡು ವರ್ಷದಿಂದ ತುಕ್ಕು ಹಿಡಿದು ಬಿದ್ದಿದ್ದ ಯಂತ್ರ ಇದು. ಟ್ರ್ಯಾಕ್ಟರಿನ ಹಿಂದಿರುವ, ಎಂಜಿನ್ನಿನ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡುವ ಪಿಟಿಒ ಶಾಫ್ಟಿನಿಂದ ತಿರುಗುವ, ಮೂಲಂಗಿ ಆಕಾರದ ಒಂದು ದಪ್ಪ ಸ್ಕ್ರೂ. ದಿಮ್ಮಿಯನ್ನು ಅದರ ಮೊನೆಗೆ ತಾಗಿಸಿದರೆ ಸಾಕು, ಸ್ಕ್ರೂ ತಾನೇ ಮರದೊಳಗೆ ನುಗ್ಗುತ್ತದೆ. ಒಳಗೆ ಹೋದಷ್ಟೂ ದಪ್ಪವಾಗುವುದರಿಂದ ಮರ ಬಾಯಿ ಬಿಡುತ್ತದೆ. ನೋಡುವವರಿಗೆ ಇಷ್ಟು ಸುಲಭದ ಕೆಲಸ ಇನ್ನೊಂದಿಲ್ಲ ಅನ್ನಿಸುತ್ತದೆ.

ಗೆಳೆಯ ಅದನ್ನು ಮೂಲೆಗೆ ತಳ್ಳಿದ್ದು ತನ್ನ ಎಡ ಮುಂಗೈಯ ದೆಸೆಯಿಂದ. ಸ್ಕ್ರೂವಿನ ಮೊನೆ ಸವೆದು ಮೊಂಡಾಗಿತ್ತು. ದಿಮ್ಮಿ ಕಚ್ಚುತ್ತಿರಲಿಲ್ಲ, ಸುಮ್ನೆ ಉಜ್ಜಿ ಹೊಗೆ ಬರುತ್ತಿತ್ತು. ಇವನು ಮೊಣಕಾಲು ಕೊಟ್ಟು ಒತ್ತಿದ. ಒಮ್ಮೆಲೇ ಕಚ್ಚಿತು. ಕಚ್ಚಿದ ದಿಮ್ಮಿ ಸ್ಕ್ರೂ ಜೊತೆ ತಿರುಗಿ ಮುಂಗೈಗೆ ಹೊಡೆಯಿತು, ಮೂಳೆ ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರ್. ತೋಳಿನ ಬಟ್ಟೆ ಸ್ಕ್ರೂವಿಗೆ ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ಏನಾಗುತ್ತಿತ್ತು ಅಂತ ಅವನೂ ಹೇಳುವುದಿಲ್ಲ, ನಾನೂ ಕೇಳಿಲ್ಲ.

"ಗುಜರಿಗೆ ಹಾಕೋಣ ಅಂತಿದ್ದೆ, ನಿಂಗೆ ಬೇಕಾದ್ರೆ ತಗೊಂಡು ಹೋಗೋ" ಅಂದ. ತೆಗೆದುಕೊಂಡು ಬಂದೆ. ಸರಿ ಮಾಡಲು ಆಗುತ್ತದಾ ನೋಡೋಣ, ಆಗದಿದ್ದರೆ ಗುಜರಿ ಇದ್ದೇ ಇದೆ ಅಂದುಕೊಂಡೆ. ಇದೇ ಜಾತಿಯ ಯಂತ್ರ ಇಟ್ಟುಕೊಂಡವರಿಗೆ ಉಪಯೋಗವಾಗಲಿ ಅಂತ ಮಾಡಿದ್ದನ್ನೆಲ್ಲ ಬರೆದಿಟ್ಟಿದ್ದೇನೆ.

ಬಿಚ್ಚಿದಾಗ ಕಂಡದ್ದು

ಕೋನ್, ಅಂದರೆ ಆ ಮೂಲಂಗಿ ಆಕಾರದ ಸ್ಕ್ರೂ, 300 ಮಿ.ಮೀ. ಉದ್ದ, ಬುಡದಲ್ಲಿ 100 ಮಿ.ಮೀ. ದಪ್ಪ. ಥ್ರೆಡ್ಡಿನ ಅಂತರ 6 ಮಿ.ಮೀ. ಕೋನ್ ಕೂತಿದ್ದ ಶಾಫ್ಟಿಗೆ ಎರಡು ಪ್ಲಮ್ಮರ್ ಬ್ಲಾಕ್ (ಬೇರಿಂಗ್ ಕೂರುವ ಆಸರೆ), ಅದರ ಹಿಂಬದಿಗೆ ನೇರವಾಗಿ ಪಿಟಿಒ ಶಾಫ್ಟ್. ಗೇರ್ ಇಲ್ಲ, ಚೈನ್ ಇಲ್ಲ. ಅಂದರೆ ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗಿದರೆ ಕೋನ್ ಕೂಡ ಅಷ್ಟೇ ಸುತ್ತು.

ಈ 540 ಅನ್ನುವುದನ್ನು ಕೇಳಿ ಕೇಳಿ ನಮಗೆ ಅದರ ಭಯವೇ ಹೋಗಿದೆ. ಸ್ವಲ್ಪ ಲೆಕ್ಕ ಹಾಕಿ. ಸೆಕೆಂಡಿಗೆ 9 ಸುತ್ತು. ಕೋನಿನ ಬುಡದ ಸುತ್ತಳತೆ ಸುಮಾರು 31 ಸೆಂ.ಮೀ. ಬಟ್ಟೆಯ ಅಂಚು ಅಲ್ಲಿ ಸಿಕ್ಕಿದರೆ ಒಂದು ಸೆಕೆಂಡಿಗೆ ಎರಡೂ ಮುಕ್ಕಾಲು ಮೀಟರ್ ಸುತ್ತಿಕೊಳ್ಳುತ್ತದೆ. ಅಂಗಿಯ ಪೂರ್ತಿ ತೋಳು ಕಾಲು ಸೆಕೆಂಡಿನಲ್ಲಿ ಒಳಗೆ. ಕಣ್ಣು ಕಂಡದ್ದನ್ನು ತಲೆ ತಿಳಿದುಕೊಂಡು ಕೈಗೆ ಹೇಳುವುದಕ್ಕೇ ಅಷ್ಟು ಹೊತ್ತು ಬೇಕು.

ಇನ್ನೂ ಕಂಡ ಕೊರತೆಗಳು: ಪಿಟಿಒ ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಅರ್ಧ ಒಡೆದಿತ್ತು. ಭಾರ ಮಿತಿ ಮೀರಿದಾಗ ತಾನೇ ತುಂಡಾಗುವ ಶಿಯರ್ ಬೋಲ್ಟ್ ಇರಬೇಕಾದ ತೂತಿನಲ್ಲಿ ಯಾರೋ ಗಟ್ಟಿ ಪಿನ್ ಬಡಿದಿದ್ದರು. ದಿಮ್ಮಿ ಇಡುವ ಮೇಜು ಅಂತ ಇದ್ದದ್ದು ಒಂದು ತೆಳು ಪ್ಲೇಟ್, ಅದೂ ಬಗ್ಗಿ ಕೆಳಗೆ ಜೋಲಿತ್ತು. ದಿಮ್ಮಿ ತಿರುಗದಂತೆ ತಡೆಯುವ ಪಟ್ಟಿ ಇರಲೇ ಇಲ್ಲ. ಅದನ್ನು ಕತ್ತರಿಸಿ ತೆಗೆದ ಗುರುತು ಮಾತ್ರ ಇತ್ತು. ದೊಡ್ಡ ದಿಮ್ಮಿ ಇಡಲು ಅಡ್ಡ ಬರುತ್ತದೆ ಅಂತ ತೆಗೆದಿರಬೇಕು.

ಆ ಪಟ್ಟಿ ಇಲ್ಲದ ಯಂತ್ರವನ್ನು ಓಡಿಸಲೇಬಾರದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ವೇಗ ಇಳಿಸಿದ್ದು, ಅದರಲ್ಲಿ ಆದ ತಪ್ಪು

ಮೊದಲು ವೇಗ ಇಳಿಸಬೇಕು ಅಂತ ತೀರ್ಮಾನ ಮಾಡಿದೆ. ಮೂರರಲ್ಲಿ ಒಂದು ಪಾಲು, ಅಂದರೆ ನಿಮಿಷಕ್ಕೆ 180 ಸುತ್ತು. ಹಳೆಯದೊಂದು ಗೇರ್‌ಬಾಕ್ಸ್ ಬಿದ್ದಿತ್ತು. ಒಳಗೆ ಒಂದೇ ಜೋಡಿ ಗೇರ್, ಅನುಪಾತವೂ ಹತ್ತಿರ ಹತ್ತಿರ ಅಷ್ಟೇ. ಖುಷಿಯಾಯಿತು. ಅದಕ್ಕೆ ಫ್ರೇಮ್ ಅಳತೆ ತೆಗೆದು ಎರಡು ಬ್ರಾಕೆಟ್ ವೆಲ್ಡ್ ಕೂಡ ಮಾಡಿಬಿಟ್ಟೆ.

ಆಮೇಲೆ ಕೋನನ್ನು ಲೇತ್‌ನವರ ಹತ್ತಿರ ತೆಗೆದುಕೊಂಡು ಹೋದಾಗ ಅವರು ಬೆರಳಲ್ಲಿ ಥ್ರೆಡ್ ಸವರಿ ಕೇಳಿದರು, "ಸರ್, ಇದು ಉಲ್ಟಾ ಥ್ರೆಡ್ ಅಲ್ವಾ? ಯಾವ ಕಡೆ ತಿರುಗುತ್ತೆ ಇದು?"

ಟ್ರ್ಯಾಕ್ಟರ್ ಹಿಂದೆ ನಿಂತು ಟ್ರ್ಯಾಕ್ಟರ್ ಕಡೆ ನೋಡಿದರೆ ಪಿಟಿಒ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಕೋನಿನ ಮೊನೆ ಇರುವುದು ನಮ್ಮ ಕಡೆಗೆ. ಆ ದಿಕ್ಕಿನಲ್ಲಿ ತಿರುಗುವ ಕೋನ್ ಮರವನ್ನು ತನ್ನತ್ತ ಎಳೆಯಬೇಕಾದರೆ ಥ್ರೆಡ್ ಎಡಗೈ ಥ್ರೆಡ್, ಅಂದರೆ ಉಲ್ಟಾ ಥ್ರೆಡ್ ಆಗಿರಬೇಕು. ಈ ಕೋನ್ ಹಾಗೇ ಇತ್ತು. ಮಧ್ಯೆ ಒಂದೇ ಜೋಡಿ ಗೇರ್ ಬಂದರೆ ತಿರುಗುವ ದಿಕ್ಕೇ ಬದಲಾಗುತ್ತದೆ. ಆಗ ಇದೇ ಕೋನ್ ಮರವನ್ನು ಎಳೆಯದೆ ಹೊರಗೆ ನೂಕುತ್ತದೆ. ವೆಲ್ಡ್ ಮಾಡಿದ ಬ್ರಾಕೆಟ್‌ಗಳನ್ನು ಗ್ರೈಂಡರ್ ಹಿಡಿದು ಕತ್ತರಿಸಿ ತೆಗೆದೆ. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು.

ಚೈನ್ ಹಾಕಿದರೆ ಈ ತೊಂದರೆ ಇಲ್ಲ, ಎರಡೂ ಶಾಫ್ಟ್ ಒಂದೇ ದಿಕ್ಕಿಗೆ ತಿರುಗುತ್ತವೆ. ಕೆಳಗಿನ ಶಾಫ್ಟಿಗೆ 15 ಹಲ್ಲಿನ ಸ್ಪ್ರಾಕೆಟ್, ಮೇಲೆ ಕೋನಿನ ಶಾಫ್ಟಿಗೆ 45 ಹಲ್ಲಿನದು, ಒಂದು ಇಂಚು ಪಿಚ್ಚಿನ ಚೈನ್. ಚೈನ್ ಬಿಗಿ ಮಾಡಲು ಕೆಳಗಿನ ಶಾಫ್ಟಿನ ಬೇರಿಂಗ್ ಕೂರುವ ತೂತುಗಳನ್ನು ಉದ್ದುದ್ದ ಕೊರೆದೆ. ಚೈನ್ ಪೂರ್ತಿ ಮುಚ್ಚುವಂತೆ 3 ಮಿ.ಮೀ. ಶೀಟಿನ ಪೆಟ್ಟಿಗೆ. ಬೋಲ್ಟ್ ಬಿಚ್ಚದೆ ಬೆರಳು ಒಳಗೆ ಹೋಗುವ ಹಾಗಿಲ್ಲ.

ವೇಗ ಇಳಿಸಿದರೆ ಅಪಾಯ ಪೂರ್ತಿ ಇಳಿಯಿತು ಅಂತ ತಿಳಿಯಬೇಡಿ. ವೇಗ ಮೂರನೇ ಒಂದು ಪಾಲಾದಾಗ ತಿರುಚುವ ಬಲ ಮೂರು ಪಟ್ಟಾಗುತ್ತದೆ. ಪಿಟಿಒದಲ್ಲಿ 20 ಎಚ್‌ಪಿ ಸಿಗುತ್ತದೆ ಅಂದುಕೊಳ್ಳಿ. 540ರಲ್ಲಿ ಅದು ಒಂದು ಮೀಟರ್ ಉದ್ದದ ಹಾರೆಯ ತುದಿಗೆ 27 ಕೆ.ಜಿ. ನೇತುಹಾಕಿದಷ್ಟು ಬಲ. 180ರಲ್ಲಿ ಅದೇ ತುದಿಗೆ 80 ಕೆ.ಜಿ. ದಿಮ್ಮಿಯ ನಡುವಿನಿಂದ ತುದಿಗೆ 25 ಸೆಂ.ಮೀ. ದೂರ ಇದ್ದರೆ ಅಲ್ಲಿ 320 ಕೆ.ಜಿ. ಅದನ್ನು ಯಾವ ಮನುಷ್ಯನೂ ಹಿಡಿದು ನಿಲ್ಲಿಸಲಾರ. ನನಗೆ ವೇಗ ಇಳಿಸಿ ಸಿಕ್ಕಿದ್ದು ಸ್ವಲ್ಪ ಸಮಯ. ಮೊದಲು ಕೋನ್ ಮರದೊಳಗೆ ಸೆಕೆಂಡಿಗೆ 54 ಮಿ.ಮೀ. ನುಗ್ಗುತ್ತಿತ್ತು, ಈಗ 18 ಮಿ.ಮೀ. ಕಚ್ಚಿದ ಕ್ಷಣದಿಂದ ಕೈ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿಯಲು ಅಷ್ಟು ಸಾಕು.

ಗಟ್ಟಿ ಪಿನ್ ಕಿತ್ತು, ಪಿಟಿಒ ಕಡೆಯ 35 ಮಿ.ಮೀ. ಶಾಫ್ಟಿಗೆ 6 ಮಿ.ಮೀ. ಶಿಯರ್ ಬೋಲ್ಟ್ ಹಾಕಿದೆ. ಮರ ಪೂರ್ತಿ ಸಿಕ್ಕಿಹಾಕಿಕೊಂಡರೆ ಅದು ತುಂಡಾಗಬೇಕು, ತುಂಡಾಗುವುದೇ ಅದರ ಕೆಲಸ. ಪದೇ ಪದೇ ತುಂಡಾಗುತ್ತದೆ ಅಂತ ಅಲ್ಲಿಗೆ ದಪ್ಪ ಬೋಲ್ಟ್ ಹಾಕುವವರು ಮುಂದೆ ಏನನ್ನು ತುಂಡು ಮಾಡಲು ಹೊರಟಿದ್ದಾರೆ ಅಂತ ಒಮ್ಮೆ ಯೋಚಿಸಬೇಕು. ಬೇರಿಂಗ್ ಕೂಡ ಬದಲಿಸಿದೆ. ದಿಮ್ಮಿ ಹಿಂದಿನ ಪ್ಲೇಟಿಗೆ ಬಂದು ತಾಗಿದ ಮೇಲೂ ಸ್ಕ್ರೂ ತಿರುಗಿದರೆ ಅದು ಕೋನನ್ನೇ ಹೊರಗೆ ಎಳೆಯುತ್ತದೆ. ಆ ಎಳೆತಕ್ಕೆ ಟೇಪರ್ ರೋಲರ್ ಬೇರಿಂಗ್ ಜೋಡಿಯೇ ಸರಿ.

ಮೊನೆ

ಇಡೀ ಯಂತ್ರದಲ್ಲಿ ಅತಿ ಚಿಕ್ಕ ಭಾಗ ಇದು, ಹೆಬ್ಬೆರಳಿನಷ್ಟು. ಆದರೆ ಗೆಳೆಯನ ಕೈ ಮುರಿದದ್ದು ಇದರಿಂದಲೇ ಅಂತ ನನಗೆ ಅನ್ನಿಸುತ್ತದೆ.

ಮೊನೆ ಚೂಪಾಗಿದ್ದರೆ ದಿಮ್ಮಿ ತಾಗಿಸಿದ ತಕ್ಷಣ ಕಚ್ಚುತ್ತದೆ. ಒತ್ತುವ ಅಗತ್ಯವೇ ಇಲ್ಲ, ಮೈ ಹತ್ತಿರ ಹೋಗುವುದಿಲ್ಲ. ಮೊಂಡಾದರೆ ಕಚ್ಚುವುದಿಲ್ಲ. ಕಚ್ಚದಿದ್ದಾಗ ಯಾರೇ ಆದರೂ ಮಾಡುವುದು ಒಂದೇ, ಇನ್ನೂ ಜೋರಾಗಿ ಒತ್ತುವುದು. ಹೊಟ್ಟೆ, ತೊಡೆ, ಮೊಣಕಾಲು ಎಲ್ಲ ದಿಮ್ಮಿಗೆ ತಾಗಿರುತ್ತವೆ. ಆಗ ಕಚ್ಚಿದರೆ ನಮ್ಮ ಮೈಭಾರವೆಲ್ಲ ಯಂತ್ರದ ಕಡೆ ವಾಲಿರುತ್ತದೆ. ಹಾಗಾಗಿ ಮೊಂಡು ಮೊನೆಯನ್ನು ಕೆಲಸ ನಿಧಾನ ಮಾಡುವ ತೊಂದರೆ ಅಂತ ನೋಡಬಾರದು. ಬ್ರೇಕ್ ಇಲ್ಲದ ಟ್ರ್ಯಾಕ್ಟರನ್ನು ನೋಡಿದ ಹಾಗೆ ಅದನ್ನು ನೋಡಬೇಕು.

ಹಳೆ ಮೊನೆ ಬಿಚ್ಚಲು ಮೂರು ದಿನ ಬೇಕಾಯಿತು. ಡೀಸೆಲ್‌ನಲ್ಲಿ ನೆನೆಸಿದೆ, ಬಡಿದೆ, ಕೊನೆಗೆ ಬುಡವನ್ನು ಬಿಸಿ ಮಾಡಿ ದೊಡ್ಡ ಪೈಪ್ ರೆಂಚ್ ಹಾಕಿದಾಗ ಕಿರ್ ಅಂತ ಸದ್ದು ಮಾಡಿ ಬಿಟ್ಟುಕೊಟ್ಟಿತು. ಅದರ ಬುಡದ ಥ್ರೆಡ್ ಕೂಡ ಉಲ್ಟಾ. ಹಾಗೇ ಇರಬೇಕು, ಇಲ್ಲದಿದ್ದರೆ ಮರದ ತಡೆಗೆ ಮೊನೆ ತಾನೇ ಬಿಚ್ಚಿಕೊಂಡು ಬರುತ್ತದೆ. ಹೊಸ ಮೊನೆಯನ್ನು ಲೇತ್‌ನವರು ಗಟ್ಟಿ ಉಕ್ಕಿನಲ್ಲಿ ತಿರುಗಿಸಿ, ಥ್ರೆಡ್ ಕೊಯ್ದು, ಕಾಯಿಸಿ ಹದ ಮಾಡಿ ಕೊಟ್ಟರು. ಎರಡು ಮಾಡಿಸಿದೆ. ಒಂದು ಯಂತ್ರದಲ್ಲಿ, ಒಂದು ಡಬ್ಬಿಯಲ್ಲಿ. ಡಬ್ಬಿಯಲ್ಲಿ ಇನ್ನೊಂದು ಇದ್ದರೆ ಮೊಂಡಾದದ್ದನ್ನು ಬದಲಿಸಲು ಮನಸ್ಸು ಬರುತ್ತದೆ. ಇಲ್ಲದಿದ್ದರೆ ಇವತ್ತೊಂದಿನ ನಡೆಯಲಿ ಅನ್ನುತ್ತೇವೆ.

ಮೇಜು ಮತ್ತು ತಡೆಪಟ್ಟಿ

ಈ ಯಂತ್ರಕ್ಕೆ ದಿಮ್ಮಿಯನ್ನು ಅಡ್ಡಡ್ಡ ಇಡಬೇಕು. ಸ್ಕ್ರೂ ತೊಗಟೆಯ ಕಡೆಯಿಂದ, ದಿಮ್ಮಿಯ ನಡುವಿಗೆ ಹೋಗಬೇಕು. ಆಗ ಬಿರುಕು ನಾರಿನ ಉದ್ದಕ್ಕೆ ಓಡುತ್ತದೆ. ದಿಮ್ಮಿಯ ಕೊಯ್ದ ಮುಖವನ್ನು ಮೊನೆಗೆ ಕೊಟ್ಟರೆ ಅದು ಲಟ್ಟಣಿಗೆಯಂತೆ ತನ್ನ ಸುತ್ತ ತಾನೇ ತಿರುಗಲು ಶುರುಮಾಡುತ್ತದೆ. ಅದನ್ನು ತಡೆಯಲು ಮೇಜಿನಿಂದಲೂ ಆಗುವುದಿಲ್ಲ.

ಅಡ್ಡ ಇಟ್ಟಾಗ ಏನಾಗುತ್ತದೆ ನೋಡಿ. ಹಿಂದೆ ನಿಂತು ನೋಡುವವನಿಗೆ ಕೋನ್ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ದಿಮ್ಮಿಯೂ ಅದೇ ದಿಕ್ಕಿಗೆ ತಿರುಗಲು ನೋಡುತ್ತದೆ. ಬಲ ತುದಿ ಕೆಳಗೆ, ಎಡ ತುದಿ ಮೇಲಕ್ಕೆ. ಬಲ ತುದಿಗೆ ಗಟ್ಟಿ ಆಸರೆ ಇದ್ದರೆ ದಿಮ್ಮಿ ಅಲ್ಲೇ ನಿಲ್ಲುತ್ತದೆ. ಆಸರೆ ಬಗ್ಗಿದರೆ, ಅಥವಾ ದಿಮ್ಮಿ ಅದಕ್ಕಿಂತ ಗಿಡ್ಡವಾಗಿ ಜಾರಿದರೆ, ಎಡ ತುದಿ ನೆಲದಿಂದ ಎದ್ದು ಗದ್ದದ ಎತ್ತರಕ್ಕೆ ಬೀಸುತ್ತದೆ. ಗೆಳೆಯನ ಮುಂಗೈಗೆ ಬಿದ್ದದ್ದು ಈ ಎಡ ತುದಿಯೇ.

ಅದಕ್ಕೇ ಮೇಜಿಗೆ 10 ಮಿ.ಮೀ. ಪ್ಲೇಟ್, ಕೆಳಗೆ ಮೂರು ಆಂಗಲ್, ಬಲಕ್ಕೆ ಒಂದು ಗೇಣು ಜಾಸ್ತಿ ಉದ್ದ. ಬಲಭಾಗದಿಂದ ನೆಲಕ್ಕೆ ಒಂದು ಕಾಲು ಕೊಟ್ಟೆ, ಭಾರ ಯಂತ್ರವನ್ನು ಹಿಡಿದಿರುವ ಟ್ರ್ಯಾಕ್ಟರ್ ಲಿಂಕಿನ ಮೇಲೆ ಬೀಳದೆ ನೆಲಕ್ಕೆ ಹೋಗಲಿ ಅಂತ. ಕೋನಿನ ಕೆಳಗೆ, ಅದರ ಉದ್ದಕ್ಕೇ, 12 ಮಿ.ಮೀ. ಪ್ಲೇಟಿನ ನಿಂತ ಪಟ್ಟಿ ವೆಲ್ಡ್ ಮಾಡಿದೆ. ಮೇಲಂಚು ಬೆಣೆಯ ಹಾಗೆ ಚೂಪು. ದಿಮ್ಮಿ ಒಳಗೆ ಬರುತ್ತಿದ್ದಂತೆ ಈ ಪಟ್ಟಿಯೂ ಕೆಳಗಿನಿಂದ ಮರಕ್ಕೆ ಕಚ್ಚುತ್ತದೆ, ತಿರುಗಲು ಬಿಡುವುದಿಲ್ಲ. ವೆಲ್ಡಿಂಗ್ ಎರಡೂ ಕಡೆ, ಮೂರು ಸುತ್ತು. ಮೊದಲ ಸುತ್ತಿನಲ್ಲಿ ಒಂದು ಕಡೆ ಗುಳ್ಳೆ ಕಂಡಿತು. ಅದನ್ನು ಗ್ರೈಂಡ್ ಮಾಡಿ ಕಿತ್ತು ಮತ್ತೆ ಹಾಕಿದೆ. ಬೇರೆ ಕಡೆ ಆಗಿದ್ದರೆ ಬಿಟ್ಟುಬಿಡುತ್ತಿದ್ದೆನೋ ಏನೋ, ಇಲ್ಲಿ ಬಿಡಲು ಮನಸ್ಸಾಗಲಿಲ್ಲ.

ಯುರೋಪಿನ ಇಎನ್ 609 ಎಂಬ ಸುರಕ್ಷತಾ ಮಾನದಂಡದಲ್ಲಿ ಸೌದೆ ಯಂತ್ರಗಳಿಗೆ ಎರಡು ಬೇರೆ ಭಾಗಗಳೇ ಇವೆ. ಮೊದಲನೆಯದು ಬೆಣೆಯಿಂದ ಸೀಳುವವಕ್ಕೆ, ಎರಡನೆಯದು ಸ್ಕ್ರೂನಿಂದ ಸೀಳುವವಕ್ಕೆ. ಎರಡರ ಅಪಾಯವೂ ಒಂದೇ ಥರ ಅಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ.

ನಿಲ್ಲಿಸುವುದು ಹೇಗೆ

ಕೆಲಸ ಮಾಡುವವನು ನಿಲ್ಲುವುದು ಟ್ರ್ಯಾಕ್ಟರ್ ಹಿಂದೆ. ಪಿಟಿಒ ಲಿವರ್ ಇರುವುದು ಸೀಟಿನ ಹತ್ತಿರ. ಮಧ್ಯೆ ಒಂದು ದೊಡ್ಡ ಚಕ್ರ. ಏನಾದರೂ ಸಿಕ್ಕಿಕೊಂಡರೆ ಲಿವರ್ ಕೈಗೆಟುಕುವುದೇ ಇಲ್ಲ. ಎಣ್ಣೆಯ ಒತ್ತಡದಿಂದ ಬೆಣೆ ನೂಕಿ ಸೀಳುವ ಹೈಡ್ರಾಲಿಕ್ ಯಂತ್ರದಲ್ಲಿ ಲಿವರ್ ಬಿಟ್ಟರೆ ಬೆಣೆ ಅಲ್ಲೇ ನಿಲ್ಲುತ್ತದೆ. ಹಲವು ಯಂತ್ರಗಳಲ್ಲಿ ಎರಡು ಕೈಯೂ ಲಿವರ್ ಮೇಲೆ ಇದ್ದರೆ ಮಾತ್ರ ಚಲಿಸುವಂತೆ ಮಾಡಿರುತ್ತಾರೆ, ಆಗ ಕೈ ಬೆಣೆಯ ಹತ್ತಿರ ಹೋಗಲು ದಾರಿಯೇ ಇಲ್ಲ. ಸ್ಕ್ರೂ ಹಾಗಲ್ಲ. ನಾವು ಬಿಟ್ಟರೂ ಅದು ಬಿಡುವುದಿಲ್ಲ.

ನನ್ನ ಟ್ರ್ಯಾಕ್ಟರಿನಲ್ಲಿ ಎಂಜಿನ್ ಆಫ್ ಮಾಡಲು ಎಳೆಯುವ ಗುಂಡಿ ಇದೆ, ಅದು ಪಂಪಿಗೆ ಡೀಸೆಲ್ ಕಟ್ ಮಾಡುತ್ತದೆ. ಅದರ ಜೊತೆಗೇ ಇನ್ನೊಂದು ಕೇಬಲ್ ಕಟ್ಟಿ, ಮೇಜಿನ ಮುಂದೆ ತೊಡೆ ಎತ್ತರಕ್ಕೆ ಒಂದು ಅಡ್ಡ ಕಂಬಿಗೆ ಜೋಡಿಸಿದೆ. ಕಂಬಿಗೆ ಮೈ ತಾಗಿ ಒತ್ತಿದರೆ ಸಾಕು, ಎಂಜಿನ್ ಆಫ್. ಕೋನಿನ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು ಮೊಬೈಲಿನಲ್ಲಿ ವೀಡಿಯೊ ಮಾಡಿ ಎಣಿಸಿದೆ. ಕಂಬಿ ಒತ್ತಿದ ಮೇಲೆ ಕೋನ್ ಐದು ಸುತ್ತು ತಿರುಗಿ ನಿಂತಿತು. ಐದು ಸುತ್ತು ಅಂದರೆ ಬುಡದಲ್ಲಿ ಒಂದೂವರೆ ಮೀಟರ್ ಬಟ್ಟೆ. ಕಂಬಿ ಇದೆ ಅಂತ ಧೈರ್ಯವಾಗಿ ಹತ್ತಿರ ಹೋಗುವ ಹಾಗಿಲ್ಲ ಅಂತ ಆ ವೀಡಿಯೊ ನೋಡಿದಾಗಲೇ ಅರ್ಥವಾಯಿತು.

ಪಿಟಿಒ ಶಾಫ್ಟಿಗೆ ಹೊಸ ಕವಚ ಹಾಕಿ, ಅದರ ಎರಡೂ ಕಡೆಯ ಸಣ್ಣ ಸರಪಳಿಗಳನ್ನು ಕಟ್ಟಿದೆ. ಸರಪಳಿ ಕಟ್ಟದಿದ್ದರೆ ಕವಚವೂ ಶಾಫ್ಟ್ ಜೊತೆ ತಿರುಗುತ್ತದೆ, ಆಗ ಅದು ಇದ್ದೂ ಇಲ್ಲದ ಹಾಗೆ.

ಓಡಿಸಿ ನೋಡಿದ್ದು

ಲಿಂಕ್ ಕೆಳಗಿಳಿಸಿ ಯಂತ್ರವನ್ನು ನೆಲಕ್ಕೆ ಕೂರಿಸಿದೆ. ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಅಡ್ಡಗಲ್ಲು. ಎಂಜಿನ್ ಅರ್ಧ ವೇಗದಲ್ಲಿ. ಬಿಗಿ ತೋಳಿನ ಅಂಗಿ, ಕಣ್ಣಿಗೆ ಕನ್ನಡಕ, ಬೂಟು. ಕೊರಳಲ್ಲಿ ಟವೆಲ್ ಇಲ್ಲ, ಕೈಗೆ ಗ್ಲೌಸ್ ಇಲ್ಲ. ಚಕ್ಕೆ ಚುಚ್ಚುತ್ತದೆ, ನಿಜ. ಆದರೆ ಚಕ್ಕೆ ತೆಗೆಯಬಹುದು. ಗ್ಲೌಸಿನ ನೂಲು ಸ್ಕ್ರೂವಿಗೆ ಸಿಕ್ಕಿದರೆ ಒಳಗಿರುವ ಕೈಯನ್ನೂ ಎಳೆದುಕೊಳ್ಳುತ್ತದೆ.

ಮೊದಲ ದಿಮ್ಮಿ 30 ಸೆಂ.ಮೀ. ದಪ್ಪ, ಮೊಣಕೈ ಉದ್ದ, ನೇರ ನಾರು. ಮೇಜಿನ ಮೇಲೆ ಇಟ್ಟು, ಒಂದು ಮೀಟರ್ ಉದ್ದದ ಕವೆಗೋಲಿನಿಂದ ಹಿಂದಿನಿಂದ ನೂಕಿದೆ. ಮೊನೆ ತಾಗಿದ ಕೂಡಲೇ ಟಕ್ ಅಂತ ಕಚ್ಚಿತು. ಕೋಲು ಹಿಂದಕ್ಕೆ ತೆಗೆದೆ. ತೊಗಟೆ ಸುಲಿದು ಸುರುಳಿ ಸುರುಳಿಯಾಗಿ ಉದುರಿತು. ದಿಮ್ಮಿ ಬಲಕ್ಕೆ ಒಂದಿಷ್ಟು ವಾಲಿ, ಮೇಜಿಗೆ ಒರಗಿ ನಿಂತಿತು. ಎರಡು ಕ್ಷಣ ಏನೂ ಇಲ್ಲ. ಆಮೇಲೆ ಎಡ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು, ಕಂಡ ಹಾಗೇ ಬಲಕ್ಕೆ ಓಡಿತು, ಪಟಾರ್ ಅಂತ ಎರಡು ಹೋಳಾಗಿ ಎರಡೂ ಕಡೆ ಬಿತ್ತು. ಹಸಿ ಮರದ ವಾಸನೆ ಬಂತು. ಎಂಟು ಸೆಕೆಂಡ್ ಕೂಡ ಆಗಿರಲಿಲ್ಲ.

ಇಪ್ಪತ್ತು ದಿಮ್ಮಿ ಹೀಗೇ ಹೋದವು. ಇಪ್ಪತ್ತೊಂದನೆಯದು ಕವಲು ಇದ್ದ ಬೊಡ್ಡೆ. ಸ್ಕ್ರೂ ಬುಡದವರೆಗೂ ಹೋಯಿತು, ಮರ ಸೀಳಲಿಲ್ಲ. ದಿಮ್ಮಿ ಹಿಂದಿನ ಪ್ಲೇಟಿಗೆ ಒತ್ತಿತು, ಎಂಜಿನ್ ಸದ್ದು ಇಳಿಯಿತು, ಶಿಯರ್ ಬೋಲ್ಟ್ ತುಂಡಾಯಿತು. ಅದು ತುಂಡಾದದ್ದು ಕಂಡು ನನಗೆ ಸಮಾಧಾನವೇ ಆಯಿತು.

ಸಿಕ್ಕಿಕೊಂಡ ದಿಮ್ಮಿ ಬಿಡಿಸುವ ಕೆಲಸದಲ್ಲಿ ಆತುರ ಮಾಡಬಾರದು. ಎಂಜಿನ್ ಆಫ್, ಕೀ ಜೇಬಿಗೆ, ಪಿಟಿಒ ನ್ಯೂಟ್ರಲ್‌ಗೆ. ಹೆಚ್ಚಿನ ಟ್ರ್ಯಾಕ್ಟರ್‌ಗಳಲ್ಲಿ ಪಿಟಿಒ ಹಿಂದಕ್ಕೆ ತಿರುಗುವುದಿಲ್ಲ. ಅದಕ್ಕಾಗಿ ಕೋನ್ ಶಾಫ್ಟಿನ ಹಿಂದಿನ ತುದಿಗೆ ದೊಡ್ಡ ನಟ್ ಒಂದನ್ನು ವೆಲ್ಡ್ ಮಾಡಿಟ್ಟಿದ್ದೆ. ಅದಕ್ಕೆ ಸ್ಪ್ಯಾನರ್ ಹಾಕಿ, ಸ್ಪ್ಯಾನರಿಗೆ ಪೈಪ್ ಹಾಕಿ ಹಿಂದಕ್ಕೆ ತಿರುಗಿಸಿದೆ. ಅಲ್ಲಾಡಲಿಲ್ಲ. ಆಮೇಲೆ ದಿಮ್ಮಿಯ ತುದಿಯಲ್ಲಿದ್ದ ಸಣ್ಣ ಬಿರುಕಿಗೆ ಕಬ್ಬಿಣದ ಬೆಣೆ ಇಟ್ಟು ಸುತ್ತಿಗೆಯಲ್ಲಿ ನಾಲ್ಕು ಪೆಟ್ಟು ಕೊಟ್ಟೆ. ಸ್ವಲ್ಪ ಸಡಿಲವಾಯಿತು, ಸ್ಪ್ಯಾನರ್ ತಿರುಗಿತು. ಅರ್ಧ ಗಂಟೆ ಹಿಡಿಯಿತು.

ನಾರು ನಾರಾದ ಮರ ಇನ್ನೊಂದು ಥರ ಕಾಡುತ್ತದೆ. ಸುರುಳಿ ನಾರಿನ ನೀಲಗಿರಿ ಸೀಳುತ್ತದೆ, ಆದರೆ ಹೋಳುಗಳು ಬೇರೆಯಾಗುವುದಿಲ್ಲ. ನಾಲ್ಕು ಎಳೆ ಹಿಡಿದುಕೊಂಡು ಕೋನಿನ ಆಚೆ ಈಚೆ ಜೋಲುತ್ತವೆ. ಕೈ ಹಾಕಿ ಎಳೆದುಬಿಡೋಣ ಅಂತ ಅನ್ನಿಸಿಯೇ ಅನ್ನಿಸುತ್ತದೆ. ನನಗೂ ಅನ್ನಿಸಿತು, ಕೈ ಅರ್ಧ ಮುಂದೆ ಹೋಗಿತ್ತು. ಕೋನ್ ತಿರುಗುತ್ತಿರುವಾಗ ಅಲ್ಲಿಗೆ ಕೈ ಹಾಕಬಾರದು. ಎಂಜಿನ್ ಆಫ್ ಮಾಡಿ, ಕೋನ್ ನಿಂತ ಮೇಲೆ ಕೊಡಲಿಯಿಂದ ಎಳೆ ಕಡಿಯಬೇಕು. ಹತ್ತು ದಿಮ್ಮಿಗೆ ಹತ್ತು ಸಲ ಆಫ್ ಮಾಡಬೇಕಾದರೆ ಆ ಮರ ಈ ಯಂತ್ರಕ್ಕೆ ಸರಿಯಲ್ಲ.

ಹಾಗಾದರೆ ಉಪಯೋಗ ಇದೆಯಾ?

ಇದೆ, ಆದರೆ ಕೆಲವು ಕೆಲಸಕ್ಕೆ ಮಾತ್ರ. ನೇರ ನಾರಿನ, ಗಂಟಿಲ್ಲದ ದಿಮ್ಮಿಗೆ ಇದರಷ್ಟು ಬೇಗ ಕೆಲಸ ಮಾಡುವುದು ಕಡಿಮೆ. ಪಂಪ್, ಹೋಸ್, ಸಿಲಿಂಡರ್ ಯಾವುದೂ ಬೇಡ. ಟ್ರ್ಯಾಕ್ಟರ್ ಹೋಗುವ ಕಡೆಯೆಲ್ಲ ಇದೂ ಬರುತ್ತದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಇಂಥ ಕೋನನ್ನು ಕಾರಿನ ಹಿಂದಿನ ಚಕ್ರ ಬಿಚ್ಚಿ ಆ ಹಬ್ಬಿಗೇ ಬೋಲ್ಟ್ ಮಾಡಿ ಓಡಿಸುತ್ತಿದ್ದರು. ಅಷ್ಟು ಸರಳವಾದ ಯಂತ್ರ. ಆ ಸರಳತನದಲ್ಲೇ ತೊಂದರೆಯೂ ಇದೆ, ಯಾರು ಬೇಕಾದರೂ ಒಂದು ಶಾಫ್ಟಿಗೆ ಕೋನ್ ಸಿಕ್ಕಿಸಿ ಮೇಜು ಇಲ್ಲದೆ ಶುರುಮಾಡಿಬಿಡಬಹುದು.

ಹೊಸದಾಗಿ ಕೊಳ್ಳುವವರು ನನ್ನನ್ನು ಕೇಳಿದರೆ ಹೈಡ್ರಾಲಿಕ್ ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ. 100 ಮಿ.ಮೀ. ಸಿಲಿಂಡರಿಗೆ 175 ಬಾರ್ ಒತ್ತಡ ಕೊಟ್ಟರೆ 14 ಟನ್ ಬಲ ಸಿಗುತ್ತದೆ, ಗಂಟು ಇದ್ದರೂ ಒಡೆಯುತ್ತದೆ, ಲಿವರ್ ಬಿಟ್ಟರೆ ನಿಲ್ಲುತ್ತದೆ. ಈಗಾಗಲೇ ಸ್ಕ್ರೂ ಯಂತ್ರ ಇರುವವರು ಮೊದಲು ಮೇಜು, ತಡೆಪಟ್ಟಿ, ಮೊನೆ ಈ ಮೂರನ್ನು ನೋಡಿ. ಮೂರರಲ್ಲಿ ಒಂದು ಸರಿ ಇಲ್ಲದಿದ್ದರೂ ಅವತ್ತು ಕೊಡಲಿಯೇ ಸಾಕು. ಒಬ್ಬರೇ ಕೆಲಸ ಮಾಡಿ. ಒಬ್ಬರು ದಿಮ್ಮಿ ಕೊಡುವುದು, ಇನ್ನೊಬ್ಬರು ಹಿಡಿಯುವುದು ಬೇಡ. ಒಬ್ಬರು ತಯಾರಿಲ್ಲದಾಗ ಇನ್ನೊಬ್ಬರು ನೂಕಿಬಿಡುತ್ತಾರೆ. ಮಕ್ಕಳು ಆ ಅಂಗಳದಲ್ಲೇ ಇರಬಾರದು.

ಗೆಳೆಯ ಬಂದು ನೋಡಿದ. ಮೇಜಿನ ಪಟ್ಟಿಯನ್ನು ಬೂಟಿನಿಂದ ಎರಡು ಸಲ ಒದ್ದು ಪರೀಕ್ಷೆ ಮಾಡಿದ. ಕಂಬಿ ಒತ್ತಿ ಎಂಜಿನ್ ನಿಂತದ್ದನ್ನು ನೋಡಿ, "ಮತ್ತೊಂದ್ಸಲ ಮಾಡು" ಅಂದ. ಮಾಡಿದೆ. ಓಡಿಸ್ತೀಯಾ ಅಂತ ಕೇಳಿದೆ. ಬೇಡ ಅಂತ ತಲೆ ಅಲ್ಲಾಡಿಸಿ, ಸೀಳಿದ ಸೌದೆಯನ್ನು ಒಟ್ಟಲು ಶುರುಮಾಡಿದ.

ಈಗ ಬಾಕಿ ಇರುವ ಕೆಲಸ ಎರಡು. ಹೊಸ ಚೈನ್ ಮೊದಲ ದಿನವೇ ಸ್ವಲ್ಪ ಸಡಿಲಾಗಿದೆ, ಬಿಗಿ ಮಾಡಬೇಕು. ಮೊನೆ ಸವೆದದ್ದು ಅಳೆಯಲು ತಗಡಿನಲ್ಲಿ ಒಂದು ಅಚ್ಚು ಕತ್ತರಿಸಿ ಮೇಜಿಗೆ ಸರಪಳಿಯಲ್ಲಿ ಕಟ್ಟಬೇಕು. ಮೊನೆಗೆ ಹಿಡಿದಾಗ ಬೆಳಕು ಕಂಡರೆ ಡಬ್ಬಿಯಲ್ಲಿರುವುದು ಹಾಕಬೇಕು, ಅಷ್ಟೇ.